ಎಲ್ಲ ಆರಿಸಿದ ಮೇಲೂ ಮೀಟರ್ ಓಡುತ್ತಿದ್ದರೆ

ಕೇಳಿದವರು, ವಿದ್ಯಾನಗರ, ಹುಬ್ಬಳ್ಳಿ: ನಮ್ಮ ಮನೆಯ ಬಳಕೆ ತಿಂಗಳಿಗೆ 200 ಯೂನಿಟ್‌ನ ಅಂಚಿನಲ್ಲಿದೆ. ಅದನ್ನು ದಾಟಿದರೆ ಗೃಹಜ್ಯೋತಿಯ ಲಾಭ ತಪ್ಪಿ ಆ ತಿಂಗಳ ಪೂರ್ತಿ ಬಿಲ್ಲನ್ನು ನಾವೇ ತುಂಬಬೇಕಾಗುತ್ತದೆ. ಬಳಸದಿರುವಾಗಲೂ ಟಿವಿ, ಚಾರ್ಜರ್ ಮೊದಲಾದವು ಎಳೆಯುವ ವಿದ್ಯುತ್ತನ್ನು ತಗ್ಗಿಸಿದವರು ದಯವಿಟ್ಟು ಅನುಭವ ತಿಳಿಸಿರಿ.

ಸಪ್ತಾಪುರ, ಧಾರವಾಡ: ಸರ್, ಪ್ಲಗ್ ಕೀಳುವುದಕ್ಕಿಂತ ಮೊದಲು ಮೀಟರ್ ನೋಡಿರಿ. ಎಲೆಕ್ಟ್ರಾನಿಕ್ ಮೀಟರಿನ ಕೆಂಪು ದೀಪ ಒಂದು ಯೂನಿಟ್‌ಗೆ ಎಷ್ಟು ಸಲ ಮಿಣುಕುತ್ತದೆ ಎಂಬುದು ಅದರ ಮುಖದ ಮೇಲೆಯೇ ಮುದ್ರಿತವಾಗಿರುತ್ತದೆ. ನಮ್ಮದರಲ್ಲಿ 3200 ಎಂದಿದೆ. ಫ್ರಿಜ್, ಫ್ಯಾನ್, ದೀಪಗಳನ್ನು ಬಂದ್ ಮಾಡಿ, ಉಳಿದ ಪ್ಲಗ್‌ಗಳನ್ನು ದಿನನಿತ್ಯದಂತೆಯೇ ಬಿಟ್ಟು ಎಣಿಸಿದಾಗ 10 ನಿಮಿಷದಲ್ಲಿ 16 ಸಲ ಮಿಣುಕಿತು. ಅಂದರೆ ಯಾರೂ ಏನನ್ನೂ ಬಳಸದ ಹೊತ್ತಿನಲ್ಲಿಯೂ 30 ವ್ಯಾಟ್, ತಿಂಗಳಿಗೆ ಸುಮಾರು 21 ಯೂನಿಟ್ ಖರ್ಚಾಗುತ್ತಿತ್ತು.

ಆಮೇಲೆ ಒಂದೊಂದಾಗಿ ಸ್ವಿಚ್ ತೆಗೆಯುತ್ತ ಹೋದರೆ ಕಳ್ಳ ಸಿಗುತ್ತಾನೆ. ಎಲ್ಲರೂ ಬೈಯುವ ಮೊಬೈಲ್ ಚಾರ್ಜರ್, ಫೋನ್ ಸಿಕ್ಕಿಸದೆ ಇದ್ದಾಗ, ಅರ್ಧ ವ್ಯಾಟನ್ನೂ ಎಳೆಯುವುದಿಲ್ಲ. ಈಚಿನ ಟಿವಿಗಳದೂ ಹೆಚ್ಚೇನಿಲ್ಲ. ಆದರೆ ಅದರ ಪಕ್ಕದ ಸೆಟ್ ಟಾಪ್ ಬಾಕ್ಸನ್ನು ರಿಮೋಟಿನಿಂದ ಆರಿಸಿದರೂ ಒಳಗಿನ ಕೆಲಸ ಬಹುಪಾಲು ನಡೆದೇ ಇರುವುದರಿಂದ, 10 ವ್ಯಾಟ್ ಎಳೆಯುವ ಬಾಕ್ಸು ತಿಂಗಳಿಗೆ 7 ಯೂನಿಟ್ ನುಂಗುತ್ತದೆ. ಇನ್ನೊಂದು, ಎಸಿಯ ಸ್ಟೆಬಿಲೈಸರ್. ನಮ್ಮ ಕಡೆ ಎಸಿ ಬೇಕಾಗುವುದು ಬೇಸಿಗೆಯಲ್ಲಿ ಮಾತ್ರ. ಆದರೂ ಗೋಡೆಯ ಸ್ವಿಚ್ ತೆಗೆಯದಿದ್ದರೆ ಅದರೊಳಗಿನ ಟ್ರಾನ್ಸ್‌ಫಾರ್ಮರ್ ಮಳೆಗಾಲದಲ್ಲಿಯೂ ಬೆಚ್ಚಗಿರುತ್ತದೆ.

ಗದಗ: ಮೇಲಿನವರು ಬಿಟ್ಟ ಯುಪಿಎಸ್ ಬಗ್ಗೆ ಒಂದು ಮಾತು. ಅದನ್ನು ಆರಿಸಿಡಬಾರದು, ಕರೆಂಟ್ ಹೋದಾಗ ಬ್ಯಾಟರಿ ಖಾಲಿಯಾಗಿದ್ದರೆ ಇಟ್ಟುಕೊಂಡೇನು ಫಲ? ಆದರೆ ಹಳತಾದ ಬ್ಯಾಟರಿ ಪೂರ್ತಿ ಚಾರ್ಜ್ ಹಿಡಿಯದೆ ಸದಾ ಎಳೆಯುತ್ತಲೇ ಇರುತ್ತದೆ. ಡಿಸ್ಟಿಲ್ಡ್ ವಾಟರ್ ಮಟ್ಟ ನೋಡಿರಿ. ಕರೆಂಟ್ ಬಂದು ಒಂದು ದಿನ ಕಳೆದರೂ ಬ್ಯಾಟರಿ ಬಿಸಿಯಾಗಿಯೇ ಇದ್ದರೆ ಮೆಕ್ಯಾನಿಕ್‌ಗೆ ತೋರಿಸಿರಿ.

ಹಾವೇರಿ: ನಮ್ಮಲ್ಲಿ ಟಿವಿಯ ಪ್ಲಗ್ ಶೋಕೇಸಿನ ಹಿಂದಿದ್ದುದರಿಂದ ಯಾರೂ ಆರಿಸುತ್ತಿರಲಿಲ್ಲ. ಸ್ವಿಚ್ ಇರುವ ಎಕ್ಸ್‌ಟೆನ್ಷನ್ ಬೋರ್ಡನ್ನು ಕೈಗೆ ಸಿಗುವಲ್ಲಿಗೆ ತಂದು ಟಿವಿ, ಬಾಕ್ಸು ಎರಡನ್ನೂ ಅದಕ್ಕೆ ಜೋಡಿಸಿದೆವು. ಬಾಕ್ಸು ಮತ್ತೆ ಚಾಲೂ ಆಗಲು ತಡಮಾಡುತ್ತದೆಂದು ನಮ್ಮ ಅತ್ತೆಯವರು ಬೇಸರಪಟ್ಟಿದ್ದರಿಂದ ಹಗಲಿನಲ್ಲಿ ಮುಟ್ಟದೆ, ಮಲಗುವಾಗ ಮಾತ್ರ ಆರಿಸುತ್ತೇವೆ.