ಸಹಾಯ ಬೇಕು: ಮೂಡಿಗೆರೆ ಕಡೆ ಗೃಹಲಕ್ಷ್ಮಿ ಸಮೀಕ್ಷೆಗೆ ಲೈನ್ ಮನೆಗಳ (ಕಾಫಿ ತೋಟದ ಕಾರ್ಮಿಕರ ಸಾಲುಮನೆಗಳ) ಪಟ್ಟಿ

ಎಲ್ಲರಿಗೂ ನಮಸ್ಕಾರ. ಮೂಡಿಗೆರೆ ತಾಲ್ಲೂಕಿನ ಒಂದೇ ಗ್ರಾಮ ಪಂಚಾಯಿತಿಯಲ್ಲಿ ಗೃಹಲಕ್ಷ್ಮಿಯ ತಿಂಗಳ 2,000 ರೂಪಾಯಿ ಯಾರ ಕೈ ಸೇರುತ್ತಿದೆ, ಯಾರಿಗೆ ತಪ್ಪುತ್ತಿದೆ ಎಂಬ ಅಧ್ಯಯನ ಇದು. ಸಾವಿರ ಮನೆಗಳಿದ್ದರೆ ಶೇ 95 ವಿಶ್ವಾಸ ಮಟ್ಟ, ಶೇ 5 ದೋಷಮಿತಿಗೆ (ಉತ್ತರ ನಿಜಕ್ಕಿಂತ ಎಷ್ಟು ಆಚೀಚೆ ಆಗಬಹುದು ಎಂಬ ಮಿತಿ) ಚೀಟಿ ಎತ್ತಿದಂತೆ ಆರಿಸಿದ 278 ಮನೆ ಸಾಕು. ಲೆಕ್ಕ ಸುಲಭ, ತೊಡಕಿರುವುದು ಮನೆ ಆರಿಸಲು ಬೇಕಾದ ಪಟ್ಟಿಯಲ್ಲಿ.

ಮತದಾರರ ಪಟ್ಟಿಯಿಂದ ಮನೆ ಆರಿಸಿದರೆ ಹೊರಗಿನಿಂದ ಬಂದು ತೋಟದ ಲೈನ್‌ನಲ್ಲಿರುವವರು ಬಿಟ್ಟೇ ಹೋಗುತ್ತಾರೆ. ರೇಷನ್ ಕಾರ್ಡ್ ಪಟ್ಟಿ ಇನ್ನೂ ಕೆಟ್ಟದ್ದು: ಹಣ ಸಿಗುವುದೇ ಕಾರ್ಡಿನಲ್ಲಿ ಯಜಮಾನಿ ಎಂದಿರುವವರಿಗೆ, ಹಾಗಾಗಿ ಕಾರ್ಡಿಲ್ಲದವರು ಲೆಕ್ಕಕ್ಕೇ ಬರುವುದಿಲ್ಲ. 2011ರ ಜನಗಣತಿ ತೀರಾ ಹಳೆಯದು. ಕೊಯ್ಲಿನ ಕಾಲದಲ್ಲಿ ಒಂದೇ ಲೈನ್ ಮನೆಯಲ್ಲಿ ಎರಡು ಒಲೆ ಉರಿಯುವುದುಂಟು, ಅಂದರೆ ಎರಡು ಸಂಸಾರ. ಆದ್ದರಿಂದ ಬಾಗಿಲು ಎಣಿಸದೆ ಒಲೆ ಎಣಿಸಬೇಕು.

ಯಾರಾದರೂ ಹೀಗೆ ಲೈನ್ ಮನೆ ಎಣಿಸಿದ್ದರೆ ದಯವಿಟ್ಟು ಕ್ರಮ ತಿಳಿಸಿ, ತೋಟದ ಕೆಲಸಗಾರರನ್ನು ನೋಡಿಕೊಳ್ಳುವ ಮೇಸ್ತ್ರಿಗಳನ್ನು ಹೇಗೆ ಒಪ್ಪಿಸಿದಿರಿ ಎಂಬುದನ್ನೂ. ರೊಬಸ್ಟಾ ಕಾಫಿ ಕೊಯ್ಲು ಮುಗಿಯುವುದರೊಳಗೆ, ಸಂಜೆ ಆರರ ಮೇಲೆ ಬರಬಲ್ಲ ಇಬ್ಬರು ಹೆಣ್ಣುಮಕ್ಕಳೂ ಬೇಕು. ಗಂಡ ಎದುರಿಗಿದ್ದರೆ ಎಷ್ಟೋ ಹೆಂಗಸರು ಹಣದ ಮಾತು ಬಾಯಿ ಬಿಡುವುದಿಲ್ಲ.

ಕೋಷ್ಟಕದಲ್ಲಿ ಐದಕ್ಕಿಂತ ಕಡಿಮೆ ಬಂದ ಸಂಖ್ಯೆಯನ್ನು ಪ್ರಕಟಿಸುವುದಿಲ್ಲ. ಇಷ್ಟು ಸಣ್ಣ ಊರಲ್ಲಿ ‘ವಿಧವೆ, ಲೈನ್ ಮನೆ, ಕಾರ್ಡಿಲ್ಲ’ ಎಂದರೆ ಹೆಸರು ಹೇಳಿದಂತೆಯೇ.