ಅಪ್‌ಡೇಟ್: ಗೈಗರ್ ಕೌಂಟರ್ ಮತ್ತೆ ಟಿಕ್ ಟಿಕ್ ಅಂತಿದೆ

ಆನ್ ಆಗುತ್ತೆ, ಡಿಸ್‌ಪ್ಲೇ ಬರುತ್ತೆ, ಆದರೆ ಎಣಿಕೆ ಸೊನ್ನೆಯಿಂದ ಕದಲಲ್ಲ ಅಂತ ಕೇಳಿದ್ದೆನಲ್ಲ, ಆ ಗೈಗರ್ ಕೌಂಟರ್ (ವಿಕಿರಣ ಅಳೆಯೋ ಸಾಧನ) ಈಗ ಸರಿಯಾಗಿದೆ. ವಿಕಿರಣ ಗುರುತಿಸೋ ಟ್ಯೂಬ್ ಹೋಗಿರಬೇಕು ಅಂತ ಜಾಸ್ತಿ ಜನ ಹೇಳಿದ್ದಿರಿ. ಟ್ಯೂಬ್ ಚೆನ್ನಾಗೇ ಇದೆ.

ಹೈ ವೋಲ್ಟೇಜ್ ನೋಡಿ ಅಂತ ಒಬ್ಬರು ಅಂದಿದ್ದು ಕೆಲಸಕ್ಕೆ ಬಂತು. ಇದರಲ್ಲಿರುವ ಎಸ್‌ಬಿಎಂ-20 ಟ್ಯೂಬ್‌ಗೆ ಸುಮಾರು 400 ವೋಲ್ಟ್ ಬೇಕು. ಮಲ್ಟಿಮೀಟರನ್ನು ನೇರವಾಗಿ ಇಟ್ಟರೆ ಅದರ 10 ಮೆಗಾಓಮ್ ಲೋಡ್‌ಗೇ ವೋಲ್ಟೇಜ್ ಕುಸಿಯುತ್ತೆ, ಆ ರೀಡಿಂಗ್ ನಂಬೋ ಹಾಗಿಲ್ಲ. ಅದಕ್ಕೆ 1 ಗಿಗಾಓಮ್ ರೆಸಿಸ್ಟರನ್ನು ಸೀರೀಸ್‌ನಲ್ಲಿ ಹಾಕಿ ಅಳೆದೆ. ಮೀಟರ್‌ನಲ್ಲಿ 2.1 ವೋಲ್ಟ್ ಬಂತು. ಒಟ್ಟು ರೆಸಿಸ್ಟೆನ್ಸ್ ಮೀಟರಿನದರ 101 ಪಟ್ಟು ಇರೋದರಿಂದ ನಿಜವಾದ ವೋಲ್ಟೇಜ್ ಕೂಡ ಅದರ 101 ಪಟ್ಟು, ಅಂದರೆ ಸುಮಾರು 212. ಇಷ್ಟರಲ್ಲಿ ಟ್ಯೂಬ್ ಎಲ್ಲಿಂದ ಕೆಲಸ ಮಾಡಬೇಕು ಹೇಳಿ!

ಬೋರ್ಡನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿದೆ, ಏನೂ ಬದಲಾಗಲಿಲ್ಲ. ಆಮೇಲೆ ಹೈ ವೋಲ್ಟೇಜ್ ಕಡೆ ಚಾರ್ಜ್ ಹಿಡಿದಿಡೋ ಕೆಪಾಸಿಟರ್‌ನ ಒಂದು ಕಾಲು ಬಿಚ್ಚಿದೆ, ತಕ್ಷಣ ವೋಲ್ಟೇಜ್ ಮೇಲೇರಿತು. ಅದರಲ್ಲೇ ಕರೆಂಟ್ ಲೀಕ್ ಆಗುತ್ತಿತ್ತು. ನೋಡೋಕೆ ಮಾತ್ರ ಹೊಸದರ ಹಾಗೇ, ಒಂದು ಬಿರುಕೂ ಇಲ್ಲ! 10 ನ್ಯಾನೊಫ್ಯಾರಡ್, 1 ಕಿಲೋವೋಲ್ಟ್‌ನದ್ದು ಹೊಸ ಕೆಪಾಸಿಟರ್ ಹಾಕಿದ ಮೇಲೆ ಮೀಟರ್ 3.9 ತೋರಿಸಿತು, ಅಂದರೆ ಸುಮಾರು 394 ವೋಲ್ಟ್. ಈಗ ಸುಮ್ನೆ ಮೇಜಿನ ಮೇಲಿಟ್ಟರೂ ನಿಮಿಷಕ್ಕೆ 20ರ ಆಸುಪಾಸು ಎಣಿಕೆ ಬರುತ್ತೆ.

ನೀವೂ ಬಿಚ್ಚೋದಾದರೆ, ಬ್ಯಾಟರಿ ತೆಗೆದ ಮೇಲೂ ಆ ಕೆಪಾಸಿಟರ್‌ನಲ್ಲಿ ಚಾರ್ಜ್ ಉಳಿದಿರುತ್ತೆ. ರೆಸಿಸ್ಟರ್ ಮೂಲಕ ಡಿಸ್ಚಾರ್ಜ್ ಮಾಡಿಯೇ ಕೈ ಹಾಕಿ.