ದಾರಿಯಲ್ಲಿ ಅಭಿಮಾನಿ ಗುರುತು ಹಿಡಿದ್ರೆ ಸಣ್ಣ ಕಲಾವಿದರು ಏನು ಮಾಡ್ಬೇಕು?

ಶ್ರುತಿಪೆಟ್ಟಿಗೆ: ಯಾರಾದ್ರೂ ನಿಲ್ಲಿಸಿ "ನೀವು ಆ ಬ್ಯಾಂಡಿನವರಲ್ವಾ?" ಅಂದ್ರೆ "ಅಯ್ಯೋ, ನಾನೇನು ಅಷ್ಟು ದೊಡ್ಡೋನಲ್ಲ" ಅಂತ ನುಲಿಯಬೇಡಿ. ಅದು ಅವರ ಅಭಿರುಚಿಗೆ ಮಾಡೋ ಅವಮಾನ. ಹೆಸರು ಕೇಳಿ, ಯಾವ ಹಾಡು ಎಲ್ಲಿ ಸಿಕ್ತು ಅಂತ ಕೇಳಿ, ಮುಂದಿನ ಕಾರ್ಯಕ್ರಮದ ದಿನ ಹೇಳಿ, ಎರಡು ನಿಮಿಷದಲ್ಲಿ ಮುಗಿಸಿ. ಬ್ಯಾಗಲ್ಲಿ ಒಂದೆರಡು ಸಿಡಿ, ಒಂದು ಮಾರ್ಕರ್ ಇರಲಿ. ಸಹಿ ಹಾಕಿ ಕೊಡಿ.

ಮಂದ್ರಸ್ಥಾಯಿ: "ಎರಡು ನಿಮಿಷದಲ್ಲಿ ಮುಗಿಸಿ" ಅಂತೆ! ಗಡಿಯಾರ ನೋಡ್ಕೊಂಡು ಮಾತಾಡಿದ್ರೆ ಎದುರಿನವರಿಗೆ ಗೊತ್ತಾಗಲ್ವಾ? ಮೊದಲು ಇಮೇಲ್ ಪಟ್ಟಿಗೆ ಸೇರಿಸಿಕೊಳ್ಳಿ, ಕ್ಯೂಆರ್ ಕೋಡ್ ಫೋನಲ್ಲೇ ಇರಲಿ. ಸ್ಪಾಟಿಫೈನಲ್ಲಿ 30 ಸೆಕೆಂಡ್ ಕೇಳಿದ್ರೆ ಮಾತ್ರ ಲೆಕ್ಕ. 2024ರಿಂದ 12 ತಿಂಗಳಲ್ಲಿ 1000 ಸಲ ಕೇಳಿಸಿಕೊಳ್ಳದ ಹಾಡಿಗೆ ರಾಯಲ್ಟಿಯೇ ಇಲ್ಲ. ಅದಕ್ಕಿಂತ ಒಂದು ಇಮೇಲ್ ವಿಳಾಸ ಎಷ್ಟೋ ಮೇಲು.

ನಾಲ್ಕನೇತಂತಿ: "ಒಂದು ಮಾರ್ಕರ್" ಅಂದ್ರೆ ಯಾವ ಮಾರ್ಕರ್? ಸಿಕ್ಕಿದ್ದರಲ್ಲಿ ಗೀಚಿದ್ರೆ ಸಿಡಿ ಹಾಳಾಗುತ್ತೆ.

ಶ್ರುತಿಪೆಟ್ಟಿಗೆ: ಲೇಸರ್ ಓದೋದು ಹೊಳೆಯೋ ಕೆಳಮೈಯನ್ನ. ಲೇಬಲ್ ಕಡೆ ಯಾವುದರಲ್ಲಿ ಬರೆದ್ರೂ ಏನೂ ಆಗಲ್ಲ.

ನಾಲ್ಕನೇತಂತಿ: ಪೂರ್ತಿ ತಪ್ಪು. ಸಿಡಿಯ 1.2 ಮಿಲಿಮೀಟರ್ ದಪ್ಪ ಹೆಚ್ಚುಕಮ್ಮಿ ಪೂರ್ತಿ ಪಾಲಿಕಾರ್ಬೊನೇಟ್, ಅಂದ್ರೆ ಪಾರದರ್ಶಕ ಪ್ಲಾಸ್ಟಿಕ್. ಲೇಸರ್ ಅದನ್ನ ದಾಟಿ ಮೇಲಿರೋ ಅಲ್ಯೂಮಿನಿಯಂ ಪದರ ಮುಟ್ಟುತ್ತೆ. ಆ ಪದರಕ್ಕೂ ಲೇಬಲ್ಲಿಗೂ ನಡುವೆ ತೆಳು ಲ್ಯಾಕರ್ (ರಕ್ಷಣೆಯ ಲೇಪ) ಅಷ್ಟೇ. ಕೆಳಗಿನ ಗೀರು ಪಾಲಿಶ್ ಮಾಡಿದ್ರೆ ಹೋಗುತ್ತೆ, ಮೇಲಿನ ಪದರ ಕಿತ್ತರೆ ಹಾಡು ಹೋದಂಗೆ. ಬಾಲ್‌ಪೆನ್ ಒತ್ತಿ ಬರೆಯೋದಂತೂ ಬೇಡವೇ ಬೇಡ.

ಮಿಕ್ಸರ್‌ಮನೆ: ಕಾರ್ಖಾನೆಯ ಸಿಡಿಯಲ್ಲಿ ಲ್ಯಾಕರ್ ಮೇಲೆ ಮುದ್ರಣದ ಇಂಕೂ ಇರುತ್ತೆ, ಮಾರ್ಕರ್ ಶಾಯಿಯನ್ನ ಕರಗಿಸಿಡೋ ದ್ರಾವಕ ಅಷ್ಟು ಬೇಗ ಒಳಗೆ ಇಳಿಯಲ್ಲ. ಸುಮ್ಮನೆ ಹೆದರಿಸಬೇಡಿ.

ನಾಲ್ಕನೇತಂತಿ: ಸಣ್ಣ ಕಲಾವಿದರು ಹಂಚೋದು ಸಿಡಿ-ಆರ್, ಅಂದ್ರೆ ಮನೇಲಿ ಕಂಪ್ಯೂಟರಲ್ಲಿ ಹಾಡು ಬರೆದ ಖಾಲಿ ಸಿಡಿ! ಎಷ್ಟೋ ಡಿಸ್ಕಲ್ಲಿ ಆ ಇಂಕಿನ ರಕ್ಷಣೆಯೂ ಇಲ್ಲ. ನೀರಿನ ಶಾಯಿಯ ಸಿಡಿ ಪೆನ್ ತಗೊಳ್ಳಿ, ಇಲ್ಲಾ ನಡುವಿನ ಪಾರದರ್ಶಕ ಉಂಗುರದ ಮೇಲೆ ಸಹಿ ಹಾಕಿ. ಅಲ್ಲಿ ಡೇಟಾನೇ ಇಲ್ಲ.

ತಾಳಮೇಳ: ವಿಷಯ ಅಭಿಮಾನಿಯದ್ದು, ಪೆನ್ನಿನದ್ದಲ್ಲ. ಬೇರೆಯವರ ಹಾಡನ್ನ ನಿಮ್ಮದು ಅಂದುಕೊಂಡು ಹೊಗಳಿದ್ರೆ ಆಗಲೇ ತಿದ್ದಿ, ಹಾಡಿದವರ ಹೆಸರು ಹೇಳಿ. ಸೆಲ್ಫಿ ಕೊಡಿ, ಆದ್ರೆ "ನಾನು ಇಲ್ಲಿಂದ ಹೊರಟ ಮೇಲೆ ನೆಟ್ಟಲ್ಲಿ ಹಾಕಿ" ಅಂತ ಕೇಳಿಕೊಳ್ಳಿ.

ಮಂದ್ರಸ್ಥಾಯಿ: ಆ ಉಂಗುರದಲ್ಲಿ ಎಷ್ಟು ಜಾಗ ಇದೆ ಸ್ವಾಮಿ? ಅಭಿಮಾನಿ ಹೆಸರು ಬರೆಯೋಕೇ ಸಾಲಲ್ಲ. ಒಳಗಿನ ಪುಸ್ತಿಕೆ ಮೇಲೆ ಹಾಕಿ. ಹೊಳಪು ಕಾಗದ ಶಾಯಿ ಹೀರಲ್ಲ, ತಕ್ಷಣ ಮುಚ್ಚಿದ್ರೆ ಸಹಿ ಡಬ್ಬಿಯ ಪ್ಲಾಸ್ಟಿಕ್ಕಿಗೆ ಮೆತ್ತಿಕೊಳ್ಳುತ್ತೆ. ಒಂದು ನಿಮಿಷವಾದ್ರೂ ತೆರೆದಿಟ್ಟು ಕೊಡಿ.

ನಾಲ್ಕನೇತಂತಿ: ಪುಸ್ತಿಕೆ ಇದ್ದರೆ ತಾನೇ? ಮನೇಲಿ ಬರೆದ ಸಿಡಿ ಬರೋದು ಬರೀ ಕಾಗದದ ಲಕೋಟೆಯಲ್ಲಿ.

ಶ್ರುತಿಪೆಟ್ಟಿಗೆ: ಹಾಗಾದ್ರೆ ಲಕೋಟೆ ಮೇಲೇ ಹಾಕಲಿ, ಡಿಸ್ಕ್ ಒಳಗೆ ತುರುಕೋಕೆ ಮುಂಚೆ. ಏನೇ ಆಗಲಿ, ಮಾರ್ಕರ್ ಬ್ಯಾಗಲ್ಲಿ ಇರಲೇಬೇಕು.